ಮೂರು ದಿನ ಮಂಜುಗಡ್ಡೆಗೆ ಇಳಿಯಬೇಡಿ

ವಾರ್ಸುಮ್ ಹಳ್ಳಿಯಲ್ಲಿ ಸೇತುವೆ ಕಾಯುವ ವೊಬ್ಬೆಗೆ ಆ ಚಳಿಗಾಲ ಎರಡು ಸುದ್ದಿ ಒಂದರ ಹಿಂದೊಂದು ಬಂದವು. ಅವನ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂಬುದು ಒಂದು. ಕಾಲುವೆ ಹೆಪ್ಪುಗಟ್ಟುತ್ತಿದೆ ಎಂಬುದು ಇನ್ನೊಂದು. ಎರಡನೆಯದಕ್ಕಾಗಿ ಊರಿಗೆ ಊರೇ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿತ್ತು. ಮೊದಲನೆಯದು ಯಾರೂ ಕರೆಯದೆ ಬಂದ ನೆಂಟ.

ಬೇಸಿಗೆಯಲ್ಲಿ ದೋಣಿಗಳು ಬಂದಾಗ ಸೇತುವೆ ಎತ್ತುವುದು, ಇಳಿಸುವುದು ವೊಬ್ಬೆಯ ಕೆಲಸ. ಚಳಿಗಾಲದಲ್ಲಿ ದೋಣಿಗಳಿಲ್ಲ. ಆದರೆ ನೀರು ಗಟ್ಟಿಯಾಯಿತೆಂದರೆ ಅವನ ಬೇರೆ ಕೆಲಸ ಶುರು. ಅವನು ಊರಿನ ಮಂಜುಗಡ್ಡೆಯ ಮೇಸ್ತ್ರಿ. ಕೊರೆಯುವ ಸಲಕರಣೆ ಹಿಡಿದು ಕಾಲುವೆಯುದ್ದಕ್ಕೂ ತೂತು ಕೊರೆದು, ಗಡ್ಡೆ ಎಷ್ಟು ದಪ್ಪ ಎಂದು ಅಳತೆಕೋಲು ಇಳಿಸಿ ನೋಡಬೇಕು. ತೆಳುವಿದ್ದ ಕಡೆ ಮರದ ಕೊಂಬೆ ನೆಟ್ಟು ಹಗ್ಗ ಕಟ್ಟಬೇಕು. ವೊಬ್ಬೆ ಸರಿ ಎಂದ ಮೇಲೆಯೇ ಊರಿನ ಮಕ್ಕಳು ಮರಿಗಳೆಲ್ಲ ಮಂಜಿನ ಮೇಲೆ ಜಾರುವ ಅಲಗಿನ ಸ್ಕೇಟ್ಸ್ ಕಟ್ಟಿಕೊಳ್ಳುವುದು. ತಂದೆಯ ಕಾಲದಿಂದ ಬಂದ ಕೆಲಸ ಅದು. ಸಂಬಳವಿಲ್ಲ, ಮರ್ಯಾದೆ ಉಂಟು.

ರಕ್ತದೊತ್ತಡ ತೋರಿಸಲು ಹೋದಾಗ ಡಾಕ್ಟರು ಒಂದು ಸಣ್ಣ ಡಬ್ಬಿ ಕೊಟ್ಟು ಮೂತ್ರ ಹಿಡಿದು ತರಲು ಹೇಳಿದ್ದರು. ಅದರಲ್ಲಿ ಪ್ರೋಟೀನ್ ಕಂಡಿತು. ಒಂದು ಸಲ ಕಂಡರೆ ನಂಬುವುದಿಲ್ಲ, ಇನ್ನೊಮ್ಮೆ ತನ್ನಿ ಅಂದರು. ಅಷ್ಟರಲ್ಲಿ ಉತ್ತರದ ಗಾಳಿ ಬೀಸಿತು, ನೀರು ಬಿಗಿಯಿತು. ಎರಡನೆಯ ಡಬ್ಬಿ ಕೊಟ್ಟು ಬಂದ ಮೇಲೆ ಸೋಮವಾರ ಹೆಂಡತಿ ಬೌಕ್ಯೆಯನ್ನು ಕರೆದುಕೊಂಡು ಬನ್ನಿ ಎಂದು ಡಾಕ್ಟರಿಂದ ಹೇಳಿಕೆ ಬಂತು.

ಡಾಕ್ಟರ್ ಹಿಲ್ಕೆಮಾ ಆ ಊರಿನವರೇ. ಗಂಟಲು ನೋವಿಗೆ ಅಳುತ್ತಿದ್ದ ಹುಡುಗಿಯಾಗಿದ್ದಾಗಿನಿಂದ ವೊಬ್ಬೆ ಅವರನ್ನು ಬಲ್ಲ. ಈಗ ಆಕೆ ಮೇಜಿನ ಆಚೆ, ಅವನು ಈಚೆ.

"ಹೋದ ಸಲಕ್ಕಿಂತ ತುಂಬಾ ಜಾಸ್ತಿ ಇದೆಯಲ್ಲ, ವೊಬ್ಬೆಯವರೇ," ಅಂದರು. "ಹಿಂದಿನ ದಿನ ಜ್ವರ ಗಿರ ಇತ್ತಾ?"

"ಇಲ್ಲ."

"ಮೈಮುರಿಯೋ ಕೆಲಸ ಏನಾದ್ರೂ? ಸೌದೆ ಸೀಳೋದು, ಭಾರ ಎತ್ತೋದು?"

"ಏನಿಲ್ಲ ಡಾಕ್ಟ್ರೇ. ಸುಮ್ಮನೆ ಇದ್ದೆ."

ಬೌಕ್ಯೆ ಕೈಚೀಲವನ್ನು ತೊಡೆಯ ಮೇಲಿಂದ ನೆಲಕ್ಕಿಟ್ಟಳು. "ಸುಮ್ಮನೆ ಇದ್ದನಂತೆ. ಬೆಳಿಗ್ಗೆ ಸ್ಕೇಟ್ಸ್ ಕಟ್ಕೊಂಡು ಹೋದೋನು ದೀಪ ಹಚ್ಚೋ ಹೊತ್ತಿಗೆ ಬಂದ. ಕೆರೆ ದಾಟಿ ಆಚೆ ಊರು, ಅಲ್ಲಿಂದ ಇನ್ನೊಂದೂರು, ಆಮೇಲೆ ಎದುರುಗಾಳೀಲಿ ವಾಪಸ್ಸು. ಅಂಗಿ ಹಿಂಡಿದ್ರೆ ಬಕೆಟ್ ತುಂಬ್ತಿತ್ತು."

"ಅದು ಕೆಲಸ ಅಲ್ಲ," ಅಂದ ವೊಬ್ಬೆ. "ಮಂಜು ಹೇಗಿದೆ ನೋಡೋಕೆ ಹೋಗಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ನನ್ನದೇ ತಪ್ಪು. ಕೆಲಸ ಮಾಡಿದ್ರಾ ಅಂತ ಕೇಳಿದೆ. ಸ್ಕೇಟಿಂಗ್ ಮಾಡಿದ್ರಾ ಅಂತ ಕೇಳಬೇಕಿತ್ತು." ಆ ಸೀಮೆಯಲ್ಲಿ ಸ್ಕೇಟ್ಸ್ ಮೇಲೆ ಹತ್ತು ಮೈಲಿ ಹೋಗುವುದನ್ನು ಯಾರೂ ದುಡಿಮೆಯ ಲೆಕ್ಕಕ್ಕೆ ಹಾಕುವುದಿಲ್ಲ. ಆಕೆಯದೇ ಸ್ಕೇಟ್ಸ್ ಮೇಜಿನ ಕೆಳಗೆ ಟವಲಿನ ಮೇಲೆ ನೀರು ಸುರಿಸುತ್ತ ಬಿದ್ದಿದ್ದವು.

"ಅಂದ್ರೆ ಏನೂ ಇಲ್ಲ ತಾನೇ?" ವೊಬ್ಬೆ ಎದ್ದೇ ನಿಂತ. "ಸ್ಕೇಟಿಂಗಿಂದ ಬಂತು, ಹೋಯ್ತು."

"ಕೂತ್ಕೊಳ್ಳಿ. ಮೈ ದಣಿದಾಗ ಯಾರಿಗಾದ್ರೂ ಸ್ವಲ್ಪ ಹೋಗುತ್ತೆ, ಒಂದೆರಡು ದಿನದಲ್ಲಿ ನಿಲ್ಲುತ್ತೆ. ಆದ್ರೆ ಮೊದಲನೇ ಸಲ ಎಲ್ಲಿತ್ತು ಮಂಜು? ಆಗ ಮಳೆ ಬರ್ತಿತ್ತು."

ಅವನು ಕೂತ.

"ಕಿಡ್ನಿ ಅನ್ನೋದು ಚೀಸು ಸೋಸೋ ಬಟ್ಟೆ ಇದ್ದಂಗೆ ಅನ್ಕೊಳ್ಳಿ. ನೀರು ಹೋಗಬೇಕು, ಗಟ್ಟಿ ಉಳೀಬೇಕು. ಗಟ್ಟೀನೂ ಹೋಗ್ತಾ ಇದ್ರೆ ಬಟ್ಟೆ ಎಳೆ ಬಿಟ್ಟಿದೆ ಅಂತ. ಅಲ್ಲಿ ಸಣ್ಣ ಸಣ್ಣ ರಕ್ತನಾಳ ಹಾಳಾಗ್ತಿದ್ರೆ ಎದೇಲೂ ಹಾಗೇ ಆಗ್ತಿರಬಹುದು. ಅದಕ್ಕೇ ಉಚ್ಚೆ ನೋಡಿ ಎದೆ ಬಗ್ಗೆ ಕೇಳೋದು ನಾನು. ನಿಮ್ಮ ತಂದೆಗೆ ಏನಾಗಿತ್ತು?"

ಕೇಳುವ ಅಗತ್ಯವೇ ಇರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಕಥೆ. ಸ್ಕೇಟ್ಸ್ ಮೇಲೆ ಕೆರೆಗಳ ಸುತ್ತು ಹೋದ ದಿನ, ಇನ್ನೇನು ಚರ್ಚಿನ ಗೋಪುರ ಕಾಣುತ್ತದೆ ಅನ್ನುವಾಗ, ವೊಬ್ಬೆಯ ತಂದೆ ಎದೆ ಹಿಡಿದುಕೊಂಡು ಮಂಜಿನ ಮೇಲೆ ಬಿದ್ದವರು ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷ. ವೊಬ್ಬೆಗೆ ಈಗ ಅರವತ್ತು ದಾಟಿತ್ತು.

"ಮೂರು ದಿನ ಮಂಜುಗಡ್ಡೆಗೆ ಇಳಿಯಬೇಡಿ," ಅಂದರು ಡಾಕ್ಟರು. "ಕೊರೆಯೋಕೂ ಹೋಗಬೇಡಿ. ಗುರುವಾರ ಎದ್ದ ತಕ್ಷಣದ ಮೊದಲ ಉಚ್ಚೆ ತನ್ನಿ. ಆಗ ನಿಜ ಗೊತ್ತಾಗುತ್ತೆ."

"ಗುರುವಾರ ಕೆರೆಗಳ ಸುತ್ತು."

"ಗೊತ್ತು. ನಾನೂ ಹೆಸರು ಕೊಟ್ಟಿದ್ದೀನಿ."

ಕೆರೆಗಳ ಸುತ್ತು ಅಂದರೆ ಐದು ಹಳ್ಳಿ, ನಾಲ್ಕು ಕೆರೆ, ನಡುವೆ ಕಾಲುವೆ, ಅಷ್ಟನ್ನೂ ಒಂದೇ ದಿನ ಸ್ಕೇಟ್ಸ್ ಮೇಲೆ ಸುತ್ತಿ ಬರುವುದು. ಮಂಜು ಬಂದ ವರ್ಷ ಮಾತ್ರ ಉಂಟು. ಹಿಂದಿನ ಸುತ್ತಿನಲ್ಲಿ ಹಾಲುಹಲ್ಲಿದ್ದ ಮಕ್ಕಳು ಈಗ ಮೀಸೆ ಬೋಳಿಸುತ್ತಿದ್ದರು. ಮುಂದಿನದು ಯಾವಾಗ ಎಂದು ಹೇಳುವವರು ಯಾರೂ ಇಲ್ಲ.

ಮನೆಗೆ ಬಂದ ವೊಬ್ಬೆ ಕಿಟಕಿಯ ಹತ್ತಿರ ಕೂತ. ಕಿಟಕಿಯ ಹೊರಗೇ ಕಾಲುವೆ. ಅಲಗು ಮಂಜನ್ನು ಕೆರೆಯುವ ಸದ್ದು ಒಂದು ಸಲ ಕಿವಿಗೆ ಬಿತ್ತೆಂದರೆ ಅವನ ಪಾದಗಳು ಚಪ್ಪಲಿಯೊಳಗೆ ತಾವಾಗಿಯೇ ಆಡುತ್ತಿದ್ದವು. ಎದ್ದು ಅಡಿಗೆಮನೆಗೆ ಹೋದ. ಅಲ್ಲಿಂದ ಹಿತ್ತಿಲಿಗೆ ಹೋದ. ಕೊರೆಯುವ ಸಲಕರಣೆಗೆ ಎಣ್ಣೆ ಬಿಟ್ಟ. ಬಿಟ್ಟಿದ್ದಕ್ಕೇ ಇನ್ನೊಂದು ಸಲ ಬಿಟ್ಟ. ಮತ್ತೆ ಕಿಟಕಿಗೆ ಬಂದ.

"ನೆಲ ಸವೀತದೆ," ಅಂದಳು ಬೌಕ್ಯೆ.

"ನೆಲ ಸವೆಸೋದಕ್ಕೂ ಡಾಕ್ಟ್ರು ಬೇಡ ಅಂದ್ರಾ?"

ಬಚ್ಚಲಿಗೆ ಹೋದಾಗಲೆಲ್ಲ ಈಗ ಬಗ್ಗಿ ನೋಡುವುದು ಅವನಿಗೆ ಅಭ್ಯಾಸವಾಯಿತು. ನೊರೆ ಇತ್ತು. ಮೊದಲೂ ಇತ್ತೋ ಏನೋ, ಯಾರು ನೋಡಿದ್ದರು. ಈಗ ನೋಡಿದರೆ ಬಿಯರಿನ ನೊರೆಯ ಹಾಗೆ, ತಟ್ಟನೆ ಇಳಿಯದೆ, ಅಂಟಿಕೊಂಡು ನಿಲ್ಲುತ್ತಿತ್ತು. ನೀರು ಬಿಟ್ಟು ಅದನ್ನು ಓಡಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತಿಗೆ ಅವಸರವಿಲ್ಲದಿದ್ದರೂ ಮತ್ತೆ ಹೋಗುವನು.

ಮಂಗಳವಾರ ಈಪ್ಕೆ ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು, ಒಂದೇ ಕೊಂಬೆಯಿಂದ ಕಾಲುವೆಗೆ ಬಿದ್ದವರು. ವೊಬ್ಬೆಯ ಬದಲು ಈಗ ಈಪ್ಕೆ ಕೊರೆಯುತ್ತಿದ್ದ. ಅದೇ ಒಂದು ಸಂಕಟ. ಒಳಗೆ ಬಂದವನು ಟೋಪಿ ತೆಗೆಯದೆ ಕಾಫಿಗೆ ಕೂತ.

"ಏನಂತೆ ರೋಗಿ? ಪ್ರೋಟೀನ್ ಹೋಗ್ತಿದೆಯಂತೆ. ಹೋದ್ರೆ ಹೋಗ್ಲಿ ಬಿಡೋ. ಮೇಲಿಂದ ನಾಲ್ಕು ಮೊಟ್ಟೆ ಹಾಕು, ಸರಿಹೋಗುತ್ತೆ."

"ದೊಡ್ಡ ಕೆರೆ ಮಧ್ಯ ಎಷ್ಟು ಬಂತು?"

"ಕುದುರೆಗಾಡಿ ಓಡಿಸ್ಬಹುದು."

"ಎಷ್ಟು ಅಂತ ಕೇಳಿದ್ದು. ಕುದುರೇನ ಕೇಳ್ಲಿಲ್ಲ."

ಈಪ್ಕೆ ಬೆರಳು ಅಗಲಿಸಿ ತೋರಿಸಿದ. ವೊಬ್ಬೆ ಆ ಬೆರಳುಗಳ ನಡುವಿನ ಜಾಗವನ್ನು ನಂಬಿಕೆಯಿಲ್ಲದೆ ನೋಡಿದ. "ನನ್ನ ಸೇತುವೆ ಕೆಳಗೆ?"

"ಅಲ್ಲಿ ಎಲ್ಲಿ ಕೊರೀಲಿ? ಕೆಳಗಡೆ ನೀರು ಓಡ್ತಾ ಇದೆ. ಮೇಲೆ ನೋಡೋಕೆ ಚೆನ್ನಾಗಿದೆ, ಕನ್ನಡಿ ಇದ್ದಂಗೆ. ಹೋಗಬಹುದೇನೋ."

"ಹೋಗಬಹುದೇನೋ ಅಂದ್ರೆ ಹೋಗಬಾರದು ಅಂತ. ಕಾರ್ಪೆಟ್ ಹಾಸಿ, ಜನ ದಡ ಹತ್ತಿ ನಡ್ಕೊಂಡು ದಾಟ್ಲಿ."

"ನೋಡು, ರೋಗಿ ಹುಕುಂ ಕೊಡ್ತಿದ್ದಾನೆ." ಈಪ್ಕೆ ಬೌಕ್ಯೆಯ ಕಡೆ ತಿರುಗಿದ. "ಗುರುವಾರ ಇವನ್ನ ಕಳಿಸ್ತೀಯಾ ಇಲ್ವಾ?"

"ನಾನು ಕಟ್ಟಿ ಹಾಕಿಲ್ಲ," ಅಂದಳು ಬೌಕ್ಯೆ. "ಅವನಿಗೂ ವಯಸ್ಸಾಗಿದೆ."

ಅದನ್ನು ಅವಳು ಹೇಳಿದ ರೀತಿ ವೊಬ್ಬೆಗೆ ಹಿಡಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ತಿರುಗಿ ಬೈಯಬಹುದಿತ್ತು.

ಈಪ್ಕೆ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ನೋಡೋ, ಗುರುವಾರ ಬೆಳಿಗ್ಗೆ ಡಬ್ಬಿ ತುಂಬಿಸಿದ ಮೇಲೆ ನಿನ್ನ ಮೂರು ದಿನದ ವ್ರತ ಮುಗೀತು. ಆಮೇಲೆ ಸ್ಕೇಟಿಂಗ್ ಮಾಡಿದ್ರೆ ಡಬ್ಬಿ ಒಳಗಿರೋದು ಬದಲಾಗುತ್ತಾ? ಕೊಟ್ಟು ಬಂದುಬಿಡು. ನಾನು ಸೇತುವೆ ಹತ್ರ ಕಾಯ್ತೀನಿ."

ವೊಬ್ಬೆಗೆ ಇದು ಹೊಳೆದೇ ಇರಲಿಲ್ಲ. ಮಾತು ಖರೆ. ಡಬ್ಬಿ ಒಮ್ಮೆ ಕೈಬಿಟ್ಟ ಮೇಲೆ ಅವನ ಕಾಲು ಏನು ಮಾಡಿದರೂ ಅದಕ್ಕೆ ತಾಗುವುದಿಲ್ಲ. ಆದರೆ ಫಲಿತಾಂಶ ಬರುವುದು ಮುಂದಿನ ವಾರ. ಅಷ್ಟರವರೆಗೆ ಎದೆಯೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ.

ಬುಧವಾರ ಗಾಳಿ ತಿರುಗುವ ಹಾಗೆ ಕಂಡಿತು. ರೇಡಿಯೋದವರು ವಾರದ ಕೊನೆಗೆ ಮಳೆ ಅಂದರು. ವೊಬ್ಬೆ ಸ್ಕೇಟ್ಸ್ ತೆಗೆದು ಅಲಗಿಗೆ ಕಲ್ಲು ಹಿಡಿದ. ಮರದ ಹಲಗೆ, ತೊಗಲಿನ ಪಟ್ಟಿ, ಹಳೆಯ ಕಾಲದವು. ಬೌಕ್ಯೆ ಬಟಾಣಿ ಸೂಪಿಗೆ ಉಪ್ಪು ಹಾಕದೆ ಇಳಿಸಿದಳು. ಅವನು ರುಚಿ ನೋಡಿ ಚಮಚ ಕೆಳಗಿಟ್ಟ. ಅಂದು ಬೆಳಿಗ್ಗೆಯೇ ಅವನ ಜೇಬಿನ ಜ್ಯೇಷ್ಠಮಧುವಿನ ಉಪ್ಪುಮಿಠಾಯಿಯ ಪೊಟ್ಟಣವನ್ನೂ ಅವಳು ಎತ್ತಿಟ್ಟಿದ್ದಳು. ಅದು ಒತ್ತಡ ಏರಿಸುತ್ತದಂತೆ, ಡಾಕ್ಟರು ಹೇಳಿದ್ದರು.

"ಅಪ್ಪ ಹೋದದ್ದು ಒಳ್ಳೇ ಸಾವು," ಅಂದ ವೊಬ್ಬೆ, ಕಲ್ಲು ಎಳೆಯುತ್ತ. "ಎಲ್ಲರೂ ಅದನ್ನೇ ಹೇಳ್ತಾರೆ. ಹಾಸಿಗೇಲಿ ನರಳಲಿಲ್ಲ."

"ಎಲ್ಲರೂ ಹೇಳ್ತಾರೆ. ನಿಮ್ಮಮ್ಮ ಯಾವತ್ತಾದ್ರೂ ಹೇಳಿದ್ದು ಕೇಳಿದ್ದೀಯಾ?"

ಅವನು ಕಲ್ಲು ನಿಲ್ಲಿಸಿದ. ನೆನಪು ಮಾಡಿಕೊಂಡ. ಸಭೆಯಲ್ಲಿ, ಮದುವೆಯಲ್ಲಿ, ಯಾರಾದರೂ ಆ ಕಥೆ ತೆಗೆದಾಗಲೆಲ್ಲ ಅಮ್ಮ ಎದ್ದು ಬಟ್ಟಲು ತೊಳೆಯಲು ಹೋಗುತ್ತಿದ್ದಳು. ಕಥೆ ಮುಗಿದ ಮೇಲೆ ಬರುತ್ತಿದ್ದಳು. ಇಷ್ಟು ವರ್ಷ ಅದು ಅವನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

"ನನಗೆ ನೀನು ಹೋಗಬೇಡ ಅನ್ನೋಕೆ ಇಷ್ಟ ಇಲ್ಲ," ಅಂದಳು ಬೌಕ್ಯೆ. "ಮನೇಲಿ ಮುಖ ಊದಿಸ್ಕೊಂಡು ಹತ್ತು ವರ್ಷ ಕೂರ್ತೀಯ. ನಾನಂತೂ ನಾಳೆ ಹೋಗ್ತೀನಿ. ನಿನ್ನ ಕಾಯ್ಕೊಂಡು ಕೂರೋಕೆ ನನ್ನಿಂದ ಆಗಲ್ಲ. ನಿನ್ನದು ನೀನು ನೋಡ್ಕೋ."

ಗುರುವಾರ ಬೆಳಕು ಹರಿಯುವ ಮೊದಲೇ ಬೌಕ್ಯೆ ಹೊರಟಳು. ವೊಬ್ಬೆ ಎದ್ದು ಡಬ್ಬಿ ತುಂಬಿಸಿದ. ಮುಚ್ಚಳ ಬಿಗಿದು ಎತ್ತಿ ದೀಪಕ್ಕೆ ಹಿಡಿದ. ಹಳದಿ ಬಣ್ಣ, ಮೇಲೊಂದು ತೆಳುವಾದ ನೊರೆ. ಅದನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿ, ಸ್ಕೇಟ್ಸನ್ನು ಹೆಗಲಿಗೆ ನೇತು ಹಾಕಿಕೊಂಡು ಹೊರಟ. ಡಾಕ್ಟರು ಮಂಜಿನ ಮೇಲಿದ್ದರು. ದವಾಖಾನೆಯಲ್ಲಿ ಮೇಜಿನ ಹಿಂದಿದ್ದ ಹೆಂಗಸು ಡಬ್ಬಿ ತೆಗೆದುಕೊಂಡು ಅವನ ಹೆಗಲು ನೋಡಿದಳು.

"ಕೆರೆಗಳ ಸುತ್ತಿಗೆ ಹೊರಟ್ರಾ?"

"ನೋಡ್ಬೇಕು," ಅಂದ.

ಸೇತುವೆಯ ಹತ್ತಿರ ಜಾತ್ರೆಯೇ ಆಗಿತ್ತು. ಸೂಪಿನ ಹಬೆ, ಚಾಕೊಲೇಟಿನ ಹಬೆ, ಬಾಯಿಯ ಹಬೆ. ಅಲಗು ಮೊಂಡಾಗದಿರಲೆಂದು ಮನೆ ಮನೆಯಿಂದ ತಂದ ಹಳೆಯ ಕಾರ್ಪೆಟ್‌ಗಳನ್ನು ದಡದ ಮೇಲೆ ಹಾಸಿದ್ದರು. ಜನ ಅಲಗಿನ ಮೇಲೆಯೇ ಕೋಳಿ ಹೆಜ್ಜೆ ಹಾಕುತ್ತ ಹತ್ತಿ, ಸೇತುವೆ ದಾಟಿ, ಆಚೆ ಇಳಿಯುತ್ತಿದ್ದರು. ಈಪ್ಕೆ ಆಗಲೇ ಮಂಜಿನ ಮೇಲೆ ನಿಂತು ಕೈ ಬೀಸಿದ.

"ಬಾರೋ, ಗಾಳಿ ಇನ್ನೂ ನಿದ್ದೆ ಮಾಡ್ತಿದೆ. ಅದು ಏಳೋದರೊಳಗೆ ದೊಡ್ಡ ಕೆರೆ ದಾಟಿಬಿಡೋಣ."

ವೊಬ್ಬೆ ದಡದಲ್ಲಿ ಕೂತು ಎಡಗಾಲಿನ ಸ್ಕೇಟ್ ಕಟ್ಟಿದ. ಪಟ್ಟಿ ಎಳೆದು ಗಂಟು ಬಿಗಿದಾಗ ಮೈಯೆಲ್ಲ ಜುಮ್ ಎಂದಿತು. ಬಲಗಾಲಿನದನ್ನು ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಊರಿಗೆ ಹೊಸಬನೊಬ್ಬ, ಪಟ್ಟಣದ ಬಿಗಿ ಉಡುಪಿನವನು, ಹಗ್ಗದ ಹತ್ತಿರ ಬಂದು ನಿಂತ. ವೊಬ್ಬೆಯ ತೋಳಿನ ಮೇಸ್ತ್ರಿ ಪಟ್ಟಿ ನೋಡಿ ಕೇಳಿದ.

"ಯಜಮಾನ್ರೇ, ಸೇತುವೆ ಕೆಳಗೇ ಹೋಗಬಹುದಲ್ವಾ? ಗಟ್ಟಿಯಾಗೇ ಕಾಣುತ್ತೆ. ಹತ್ತಿ ಇಳಿಯೋದು ಯಾಕೆ?"

"ಬೇಡ."

"ತೆಳುವಾಗಿದ್ಯಾ?"

"ಗೊತ್ತಿಲ್ಲ. ಅಲ್ಲಿ ಅಳತೆ ಆಗಿಲ್ಲ. ಅಳತೆ ಆಗದೇ ಇರೋ ಮಂಜಿನ ಮೇಲೆ ಯಾರನ್ನೂ ಬಿಡಲ್ಲ ನಾನು. ನಡ್ಕೊಂಡು ದಾಟಿ."

"ಗಟ್ಟಿಯಾಗಿದ್ರೆ?"

"ಇದ್ರೆ ಇರ್ಲಿ. ನಡೀರಿ."

ಹೊಸಬ ಗೊಣಗುತ್ತ ಕಾರ್ಪೆಟ್ ಹತ್ತಿದ. ವೊಬ್ಬೆ ಬಲಗಾಲಿನ ಸ್ಕೇಟನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಜೀವನದಲ್ಲಿ ಎಷ್ಟು ಜನಕ್ಕೆ ಆ ಮಾತು ಹೇಳಿದ್ದನೋ ಲೆಕ್ಕವಿರಲಿಲ್ಲ. ಇವತ್ತು ಹೇಳಿದ್ದು ಮಾತ್ರ ತಿರುಗಿ ಬಂದು ಅವನ ತೊಡೆಯ ಮೇಲೇ ಕೂತಿತು. ಆಚೆ ಕೆರೆಯ ಕಡೆ ಜನ ಸಾಲು ಸಾಲಾಗಿ ಬೆಳ್ಳನೆಯ ಬೆಳಕಿನೊಳಗೆ ಸಣ್ಣವರಾಗುತ್ತ ಹೋಗುತ್ತಿದ್ದರು. ವೊಬ್ಬೆ ಬೈಗುಳವೊಂದು ನುಂಗಿ, ಬಗ್ಗಿ, ಎಡಗಾಲಿನ ಗಂಟು ಬಿಚ್ಚಿದ.

"ಏನಾಯ್ತೋ?" ಈಪ್ಕೆ ಕೂಗಿದ.

"ನೀ ಹೋಗು."

"ತಮಾಷೆ ಮಾಡಬೇಡ. ಎದ್ದು ಬಾ."

"ಹೋಗೋ ಈಪ್ಕೆ. ಇಲ್ಲಿ ಕಾರ್ಪೆಟ್ ಜಾರ್ತಾ ಇದೆ, ಯಾರಾದ್ರೂ ನೋಡ್ಕೋಬೇಕು."

ಈಪ್ಕೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ತಿರುಗಿ ಹೋದ.

ಆ ದಿನವೆಲ್ಲ ವೊಬ್ಬೆ ಕಾರ್ಪೆಟ್ ಎಳೆದು ಸರಿಮಾಡುತ್ತ, ಹತ್ತುವವರಿಗೆ ಕೈಕೊಡುತ್ತ ನಿಂತ. ನಿಂತ ಅನ್ನುವುದು ಹೆಸರಿಗೆ. ಕಾಲು ಒಂದು ಕಡೆ ನಿಲ್ಲಲೇ ಇಲ್ಲ. ಹತ್ತಿದವರೆಲ್ಲ ಗಾಳಿ ಹಾಗಿದೆ, ದೊಡ್ಡ ಕೆರೆಯ ಮಂಜು ಕಪ್ಪಗೆ ಗಾಜಿನ ಹಾಗಿದೆ ಎಂದು ಹೇಳಿ ಹೋಗುವರು. ಕೇಳಿ ಕೇಳಿ ಅವನ ಹೊಟ್ಟೆ ಉರಿಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೌಕ್ಯೆ ಬಂದಳು. ಮೂಗು ಕೆಂಪಾಗಿತ್ತು, ಹುಬ್ಬಿನ ಮೇಲೆ ಮಂಜಿನ ಹುಡಿ. ದಡಕ್ಕೆ ಕೈ ಚಾಚಿದವಳು ಹಿಡಿದ ಕೈ ಯಾರದೆಂದು ನೋಡಿದಳು. ಹಿಡಿದ ಕೈ ಬಿಡದೆ ಅಲ್ಲೇ ನಿಂತಳು. ಹಿಂದಿನವರು ಮುಂದೆ ನಡಿಯಮ್ಮ ಎಂದ ಮೇಲೆಯೇ ಬಿಟ್ಟದ್ದು.

"ಪ್ರತಿ ಊರಲ್ಲೂ ನಿನ್ನ ಹುಡುಕಿದೆ," ಅಂದಳು. "ಯಾರಾದ್ರೂ ಬಿದ್ದಿದ್ದಾರೆ ಅಂತ ಕೇಳಿದಾಗೆಲ್ಲ..."

"ಸೂಪ್ ಕುಡಿ. ತಣ್ಣಗಾಗಿದ್ದೀಯ."

ವಾರದ ಕೊನೆಗೆ ಮಳೆ ಬಂತು. ಮಂಜಿನ ಮೇಲೆ ನೀರು ನಿಂತಿತು, ಬೂದಿ ಬಣ್ಣ ತಿರುಗಿತು. ಸೋಮವಾರ ಫೋನು ರಿಂಗಾಯಿತು. ವೊಬ್ಬೆ ಎರಡು ಕೈಯಲ್ಲೂ ಹಿಡಿದುಕೊಂಡು ಕೇಳಿದ.

"ಸೋರ್ತಾ ಇರೋದು ನಿಜ," ಅಂದರು ಡಾಕ್ಟರ್ ಹಿಲ್ಕೆಮಾ. "ಮೊದಲನೇ ಸಲದಷ್ಟೇ ಇದೆ. ನಡುವೆ ಏರಿದ್ದು ಸ್ಕೇಟಿಂಗಿಂದ. ಉಳಿದದ್ದು ನಿಮ್ಮದೇ."

"ತುಂಬಾ ಕೆಟ್ಟದಾ?"

"ಬೇಗ ಸಿಕ್ಕಿದೆ. ಒಂದು ಮಾತ್ರೆ ಕೊಡ್ತೀನಿ, ಒತ್ತಡಾನೂ ಇಳಿಸುತ್ತೆ, ಸೋರೋದನ್ನೂ ಕಡಿಮೆ ಮಾಡುತ್ತೆ. ದಿನಾ ತಗೋಬೇಕು. ಉಪ್ಪು ಕಡಿಮೆ. ರಕ್ತಾನೂ ನೋಡೋಣ. ಎದೇನ ಪಟ್ಟಣದ ಆಸ್ಪತ್ರೇಲಿ ನೋಡಿಸೋಣ, ನಿಂತಲ್ಲೇ ಸೈಕಲ್ ತುಳಿಸಿ ನೋಡ್ತಾರೆ."

ವೊಬ್ಬೆ ಕಿಟಕಿಯ ಹೊರಗೆ ನೋಡಿದ. ಬಾತುಕೋಳಿಯೊಂದು ಕರಗುತ್ತಿದ್ದ ಮಂಜಿನ ತುಂಡಿನ ಮೇಲೆ ಕೂತು ತೇಲಿ ಹೋಗುತ್ತಿತ್ತು.

"ಡಾಕ್ಟ್ರೇ, ಗುರುವಾರ ನಾನು ಸುತ್ತು ಹೋಗಿದ್ದಿದ್ರೆ?"

"ಏನೂ ಆಗ್ತಿರ್ಲಿಲ್ಲವೇನೋ. ಆಗ್ತಿತ್ತೇನೋ. ನನಗೆ ಗೊತ್ತಿಲ್ಲ, ವೊಬ್ಬೆಯವರೇ. ಇದ್ದಿದ್ದು ಹೇಳ್ತೀನಿ."

ಫೋನು ಇಟ್ಟ ಮೇಲೆ ಬೌಕ್ಯೆಗೆ ಎಲ್ಲ ಹೇಳಿದ. ಅವಳು ಕುರ್ಚಿ ಎಳೆದು ಕೂತಳು. ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು.

"ಗೊತ್ತಾದ್ರೆ ಸಮಾಧಾನ ಆಗುತ್ತೆ ಅನ್ಕೊಂಡಿದ್ದೆ," ಅಂದ ವೊಬ್ಬೆ. "ಈಗ ಇನ್ನೂ ಕೂರೋಕಾಗ್ತಿಲ್ಲ."

"ಕೂರಬೇಡ. ಬೂಟು ಹಾಕ್ಕೋ. ಔಷಧಿ ಅಂಗಡಿವರೆಗೆ ನಡ್ಕೊಂಡು ಹೋಗೋಣ."

"ಸೈಕಲ್ ಮೇಲೆ ಹೋದ್ರೆ ಬೇಗ."

"ಬೇಗ ಯಾರಿಗೆ ಬೇಕು?"

ಇಬ್ಬರೂ ಕಾಲುವೆಯ ಏರಿಯ ಮೇಲೆ ಹೊರಟರು. ಮಳೆ ಸಣ್ಣಗಾಗಿತ್ತು, ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ವೊಬ್ಬೆ ಅಭ್ಯಾಸದಂತೆ ಮೈ ಬಗ್ಗಿಸಿ, ಕೈ ಹಿಂದೆ ಕಟ್ಟಿ, ದಾಪುಗಾಲು ಹಾಕಿ ಬಹಳ ದೂರ ಹೋಗಿಬಿಟ್ಟ. ಹಿಂದೆ ಬೌಕ್ಯೆ ಕರೆಯಲಿಲ್ಲ. ಕರೆಯದೆ ಇದ್ದದ್ದೇ ಅವನಿಗೆ ಕೇಳಿಸಿತು. ನಿಂತು ತಿರುಗಿ ನೋಡಿದ. ಅವಳು ಕೊಡೆಯೊಂದಿಗೆ ಜಗಳವಾಡುತ್ತ ತನ್ನ ಪಾಡಿಗೆ ಬರುತ್ತಿದ್ದಳು.

"ಯಾಕೆ ನಿಂತೆ?" ಹತ್ತಿರ ಬಂದು ಕೇಳಿದಳು.

"ಸುಸ್ತಾಯ್ತು," ಅಂದ ವೊಬ್ಬೆ. ಆಗಿರಲಿಲ್ಲ. ಅವಳ ಕೈಯಿಂದ ಕೊಡೆ ತೆಗೆದುಕೊಂಡು ಗಾಳಿಗೆ ಅಡ್ಡ ಹಿಡಿದ.